ನವಣೆ ಇಲ್ಲ ಎಂದ ಅಂಗಡಿಯಲ್ಲಿ ನವಣೆ ಇತ್ತು!

(ಬೆಂಗಳೂರಿನ ಬಡಾವಣೆಯೊಂದರಲ್ಲಿ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ನದಿಯ ಬಗ್ಗೆಯಾಗಲಿ, ಗಡಿಯ ಬಗ್ಗೆಯಾಗಲಿ ಮಾತನಾಡಲು ನಿಂತಿಲ್ಲ. ನಿಮ್ಮ ಪಕ್ಕದ ಬೀದಿಯ ಒಂದು ಅಂಗಡಿಯ ಬಗ್ಗೆ ಮಾತನಾಡುತ್ತೇನೆ. ಸಿರಿಧಾನ್ಯ, ಸಾವಯವ ಬೆಲ್ಲ, ಗಾಣದ ಎಣ್ಣೆ ಮಾರುವ ಅಂಗಡಿ. ನೀವೂ ಅಲ್ಲಿಗೆ ಹೋಗಿದ್ದೀರಿ, ದುಬಾರಿ ಎಂದು ಗೊಣಗಿಕೊಂಡೇ ಕೊಂಡಿದ್ದೀರಿ.

ಕೆಲವು ತಿಂಗಳ ಹಿಂದೆ ಶಿರಾ ಕಡೆಯ ನಮ್ಮೂರಿನಿಂದ ನಮ್ಮಮ್ಮ ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ನವಣೆ ಅನ್ನ ಮಾಡೋಣ ಎಂದು ತಾವೇ ಚೀಲ ಹಿಡಿದು ಆ ಅಂಗಡಿಗೆ ಹೋದರು. "ನವಣೆ ಐತೇನಪ್ಪಾ?" ಎಂದು ಕೇಳಿದರು. ಗಲ್ಲಾದಲ್ಲಿದ್ದ ಹುಡುಗ ಇಲ್ಲವೆಂದು ತಲೆಯಾಡಿಸಿದ. ಬರಿಗೈಯಲ್ಲಿ ಬಂದರು. ಸಂಜೆ ನಾನು ಹೋಗಿ ನೋಡುತ್ತೇನೆ, ಅದೇ ಗಲ್ಲಾದ ಹಿಂದೆ ನವಣೆಯ ಪೊಟ್ಟಣಗಳು ಸಾಲಾಗಿ ಕೂತಿವೆ! ಅವುಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿರುವುದು 'ಫಾಕ್ಸ್‌ಟೈಲ್ ಮಿಲೆಟ್'. ಅಂದರೆ ನರಿಬಾಲ! ನವಣೆ ಬಿತ್ತಿ, ಕಳೆ ಕಿತ್ತು, ಒನಕೆಯಲ್ಲಿ ಕುಟ್ಟಿ ನಮ್ಮನ್ನು ಸಾಕಿದವರು ನವಣೆಯ ಎದುರಿಗೇ ನಿಂತು ಇಲ್ಲ ಅನ್ನಿಸಿಕೊಂಡು ಬಂದರಲ್ಲ, ಇದಕ್ಕೆ ಏನೆನ್ನಬೇಕು?

ಆ ಹುಡುಗನನ್ನು ಬೈಯಬೇಡಿ. ಹೊಟ್ಟೆಪಾಡಿಗೆ ದೂರದಿಂದ ಬಂದವನು. ಪೊಟ್ಟಣದ ಮೇಲಿದ್ದ ಹೆಸರನ್ನು ಕಲಿತಿದ್ದಾನೆ. ಅಲ್ಲಿ ಕನ್ನಡವಿದ್ದಿದ್ದರೆ ಕನ್ನಡವನ್ನೇ ಕಲಿಯುತ್ತಿದ್ದ.

ಆ ಅಂಗಡಿಯಲ್ಲಿ ಒಂದು ಸುತ್ತು ಹಾಕಿ. ಫಿಂಗರ್ ಮಿಲೆಟ್ ಎಂದರೆ ನಮ್ಮ ರಾಗಿ. ಲಿಟ್ಲ್ ಮಿಲೆಟ್ ಸಾಮೆ, ಕೋಡೋ ಹಾರಕ, ಬಾರ್ನ್‌ಯಾರ್ಡ್ ಊದಲು, ಪ್ರೋಸೋ ಬರಗು, ಬ್ರೌನ್‌ಟಾಪ್ ಕೊರಲೆ. ಫ್ಲ್ಯಾಕ್ಸ್ ಸೀಡ್ಸ್ ಎಂದರೆ ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಯಾಗುವ ಅಗಸೆ. ಮೊರಿಂಗಾ ಪೌಡರ್ ಎಂದರೆ ಹಿತ್ತಲ ನುಗ್ಗೆಸೊಪ್ಪಿನ ಪುಡಿ! ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಭತ್ತದ ಎದುರು ರಾಗಿಯನ್ನು ಗೆಲ್ಲಿಸಿದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಜಗತ್ತು ಈ ಧಾನ್ಯಗಳನ್ನು ಕೊಂಡಾಡುವ ಹೊತ್ತಿಗೆ ಅವುಗಳ ಹೆಸರು ನಮ್ಮ ಬಾಯಿಂದ ಜಾರುತ್ತಿದೆ.

ಇದು ಬರೀ ಹೆಸರಿನ ಜಗಳವೇ? ಅಲ್ಲ. ಅದೇ ಅಂಗಡಿಯಲ್ಲಿ ಒಂದು ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಬಳಸಿದ ಪದಾರ್ಥಗಳಲ್ಲಿ ತೂಕ ಹೆಚ್ಚಿರುವುದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ಅಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ. ರಾಗಿ ನಾಲ್ಕನೆಯದು! ಮುಂಭಾಗದಲ್ಲಿ ಮಾತ್ರ ರಾಗಿ ತೆನೆಯ ದೊಡ್ಡ ಚಿತ್ರ. ಇಂಗ್ಲಿಷ್ ಓದಬಲ್ಲ ನನಗೆ ತಿಳಿಯಿತು. ಚಿತ್ರ ನೋಡಿ ಕೊಳ್ಳುವ ನಮ್ಮಮ್ಮನಿಗೆ ತಿಳಿಯುವುದು ಹೇಗೆ? ಕಾಸು ಕೊಟ್ಟು ಸಕ್ಕರೆ ತಿನ್ನಬೇಕೆ?

ಕೇಂದ್ರದ ಆಹಾರ ನಿಯಮದ ಪ್ರಕಾರ ಪೊಟ್ಟಣದ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಹಾಕಬಹುದು, ಅಷ್ಟೆ. ಕಡ್ಡಾಯವಿಲ್ಲ. ಆದರೆ ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022, ಇಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಕಾನೂನು ಕಾಗದದ ಮೇಲಿದೆ. ಅದನ್ನು ಪೊಟ್ಟಣದ ಮೇಲೆ ತರಬೇಕಾದವರು ಕೊಳ್ಳುವವರು, ಅಂದರೆ ನೀವು.

ಏನು ಮಾಡಬೇಕು? ಕಲ್ಲೂ ಬೇಡ, ಕೂಗಾಟವೂ ಬೇಡ. ನವಣೆಯನ್ನು ನವಣೆ ಎಂದೇ ಕೇಳಿ. ತಿಳಿಯದಿದ್ದರೆ ತೋರಿಸಿ, ಹೆಸರು ಹೇಳಿಕೊಡಿ. ಬೆಳ್ಳಗೆ ಹೊಳೆಯುತ್ತಿದ್ದರೆ ತೌಡು ತೆಗೆದ ಅಕ್ಕಿ ಎಂದು ತಿಳಿದು, ಪಾಲಿಶ್ ಮಾಡದ್ದನ್ನು ಕೇಳಿ. ತೌಡು ಇರುವ ಅಕ್ಕಿ ಬೇಗ ಮುಗ್ಗುತ್ತದೆ, ಆದ್ದರಿಂದ ಪೊಟ್ಟಣ ಕಟ್ಟಿದ ದಿನಾಂಕವನ್ನೂ ನೋಡಿ. ಪೊಟ್ಟಣದ ಮೇಲೆ ಕಂಪನಿಯ ವಿಳಾಸವಿರುತ್ತದೆ. "ಕನ್ನಡ ಎಲ್ಲಿ?" ಎಂದು ಒಂದು ಪತ್ರ ಹಾಕಿ. ಒಂದು ಪತ್ರವನ್ನು ಕಸದಬುಟ್ಟಿಗೆ ಹಾಕುತ್ತಾರೆ. ನೂರು ಪತ್ರ ಬಂದರೆ ಓದುತ್ತಾರೆ.

ಆ ಅಂಗಡಿಯಲ್ಲಿ ನಾನು ಮಾಡಿದ್ದು ಇಷ್ಟೇ. ಯಜಮಾನರ ಒಪ್ಪಿಗೆ ಪಡೆದು, ಏಳು ಧಾನ್ಯಗಳ ಹೆಸರನ್ನು ರಟ್ಟಿನ ಚೀಟಿಗಳಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದೆ. ಅರ್ಧ ಗಂಟೆಯ ಕೆಲಸ. ಮೊನ್ನೆ ಹೋದಾಗ ಅದೇ ಹುಡುಗ, "ಸಾರ್, ಹೊಸ ನವಣೆ ಬಂದಿದೆ" ಎಂದ. ನಮ್ಮಮ್ಮ ದೀಪಾವಳಿಗೆ ಬರುತ್ತಾರೆ. ಈ ಸಲ ಚೀಲ ತುಂಬಿಸಿಕೊಂಡೇ ಮನೆಗೆ ಬರುತ್ತಾರೆ.

ನಿಮ್ಮ ಬೀದಿಯ ಅಂಗಡಿಗೆ ಚೀಟಿ ಬರೆಯುವವರು ಯಾರು?