ಬಡ್ಡಿ ಎಷ್ಟು ಅಂತ ಕೇಳುವ ಮುಂಚೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಜರುಗಿದ ಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣದ ಪಾಠ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಹಕಾರಕ್ಕೂ ನಮ್ಮ ಈ ನಾಡಿಗೂ ನಂಟು ಹಳೆಯದು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ನೆರೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಮತ್ತೊಬ್ಬರ ಹಣವನ್ನು ಕೈಯಲ್ಲಿ ಹಿಡಿಯುವುದು ಎಷ್ಟು ದೊಡ್ಡ ಜವಾಬ್ದಾರಿ ಎಂಬುದನ್ನು ಈ ನೆಲಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಹಬ್ಬದ ದಿನ ಹೊಗಳಿಕೆಯ ಮಾತು ಬಹಳ ಆಗುತ್ತವೆ. ನಾವು ಇವತ್ತು ಉಪಯೋಗಕ್ಕೆ ಬರುವ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಕೌಂಟರಿನ ಮುಂದೆ ನಿಂತ ಸದಸ್ಯರು ಮೊದಲು ಕೇಳುವ ಪ್ರಶ್ನೆ ಒಂದೇ: "ಬಡ್ಡಿ ಎಷ್ಟ್ ಕೊಡ್ತೀರಿ?" ಪ್ರಶ್ನೆ ತಪ್ಪಲ್ಲ. ಆದರೆ ಅದೊಂದೇ ಪ್ರಶ್ನೆ ಸಾಲದು.

ಮೊದಲನೆಯದು, ಬಡ್ಡಿಯ ಭಾಷೆ. ನಮ್ಮ ಊರಾಗ ಬಡ್ಡಿ ಅಂದ್ರ "ನೂರಕ್ಕ ಎರಡು", "ನೂರಕ್ಕ ಮೂರು" ಅಂತೀವಿ. ಅದು ತಿಂಗಳ ಲೆಕ್ಕ. ಬ್ಯಾಂಕು, ಅಂಚೆ ಕಚೇರಿ, ಸಂಘ ಬರೆಯುವುದು ವರ್ಷದ ಲೆಕ್ಕ. ಊರಿನ ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇ. 36. ಈ ಎರಡು ಭಾಷೆಯನ್ನು ಒಂದೇ ಎಂದು ತಿಳಿದವರು ಕೈಗಡ ತರುವಾಗ "ಮೂರೇ ರೂಪಾಯಿ" ಎಂದು ತರುತ್ತಾರೆ, ಠೇವು ಇಡುವಾಗ "ಏಳೇ ರೂಪಾಯಿ" ಎಂದು ಮೂಗು ಮುರಿಯುತ್ತಾರೆ. ಯಾವುದೇ ಬಡ್ಡಿ ಕೇಳಿದರೂ ಮೊದಲು "ತಿಂಗಳದ್ದೋ ವರ್ಷದ್ದೋ" ಎಂದು ಕೇಳಿ. ತಿಂಗಳದ್ದಾದರೆ ಹನ್ನೆರಡರಿಂದ ಗುಣಿಸಿರಿ. ಮನೆಯಲ್ಲಿ ಶೇ. 36ರ ಸಾಲ ಇಟ್ಟುಕೊಂಡು ಶೇ. 7ರ ಠೇವು ಇಡುವುದು ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ಮೊದಲು ಸಾಲ ತೀರಿಸಿರಿ. ಅದಕ್ಕಿಂತ ಒಳ್ಳೆಯ ಠೇವು ಯಾವ ಬ್ಯಾಂಕಿನಲ್ಲೂ ಸಿಗುವುದಿಲ್ಲ.

ಬೆಳೆಸಾಲದ ಮಾತೂ ಇದೇ. ನಮ್ಮ ರಾಜ್ಯ ಸರ್ಕಾರ 2023-24ರ ಮುಂಗಡಪತ್ರದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಆ ಶೂನ್ಯ ಬಡ್ಡಿ ತಾರೀಖಿನೊಳಗೆ ಕಟ್ಟಿದವರಿಗೆ ಮಾತ್ರ. ತೊಗರಿ ಮಾರಿದ ರೊಕ್ಕವನ್ನು ಖಾತೆಯಲ್ಲಿ ಹಾಗೇ ಬಿಟ್ಟು ಸಾಲದ ಗಡುವು ದಾಟಿಸಿದರೆ, ಉಳಿತಾಯದ ಬಡ್ಡಿಯಲ್ಲಿ ಬಂದದ್ದು ಸಾಲದ ಬಡ್ಡಿಯಲ್ಲಿ ಹೋಗಿ ಮೇಲೆ ಕೈಯಿಂದಲೂ ಕೊಡಬೇಕಾಗುತ್ತದೆ.

ಎರಡನೆಯದು, ಉಳಿತಾಯ ಖಾತೆ. 2011ರ ಅಕ್ಟೋಬರ್ 25ರವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ಗೊತ್ತುಪಡಿಸುತ್ತಿತ್ತು. ಯಾವ ಬ್ಯಾಂಕಿನಲ್ಲಿಟ್ಟರೂ ಒಂದೇ ದರ. ಆ ದಿನದಿಂದ ದರವನ್ನು ಆಯಾ ಬ್ಯಾಂಕಿಗೇ ಬಿಟ್ಟುಕೊಟ್ಟಿತು. ಹೀಗಾಗಿ ಈಗ ವಿಚಾರಿಸಿ ನೋಡುವುದು ನಮ್ಮ ಕೆಲಸ. 2025ರ ಜೂನ್ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಯ ದರವನ್ನು ಶೇ. 2.5ಕ್ಕೆ ಇಳಿಸಿತು. ಅದೇ ವೇಳೆ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಶೇ. 4 ಇತ್ತು. 50,000 ರೂಪಾಯಿ ವರ್ಷವಿಡೀ ಇದ್ದರೆ ಒಂದು ಕಡೆ 1,250, ಇನ್ನೊಂದು ಕಡೆ 2,000.

ಹಾಗಾದರೆ ಎಲ್ಲರೂ ಅಂಚೆ ಕಚೇರಿಗೇ ಹೋಗಬೇಕೇ? ತಡೆಯಿರಿ. ಬ್ಯಾಂಕುಗಳು 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಯ ಮೇಲೆ ಬಡ್ಡಿ ಹಾಕುತ್ತವೆ. ಅಂಚೆಯಲ್ಲಿ ಹಾಗಲ್ಲ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಎಲ್ಲಕ್ಕಿಂತ ಕಡಿಮೆ ಎಷ್ಟಿತ್ತೋ ಅಷ್ಟಕ್ಕೇ ಆ ತಿಂಗಳ ಬಡ್ಡಿ. 12ನೇ ತಾರೀಖು ಕಟ್ಟಿದ ಹಣಕ್ಕೆ ಆ ತಿಂಗಳು ಏನೂ ಇಲ್ಲ. 28ನೇ ತಾರೀಖು ತೆಗೆದ ಹಣಕ್ಕೂ ಆ ತಿಂಗಳು ಏನೂ ಇಲ್ಲ. ಹಣ ಕದಲದೆ ಇರುವವರಿಗೆ ಅಂಚೆ ಲೇಸು. ವಾರಕ್ಕೊಮ್ಮೆ ಸಂತೆಗೆ ತೆಗೆದು ಹಾಕುವವರಿಗೆ ದಿನದ ಲೆಕ್ಕ ಲೇಸು. ದರ ದೊಡ್ಡದಿದ್ದರೂ ಲೆಕ್ಕದ ಪದ್ಧತಿ ನಮಗೆ ಹೊಂದಬೇಕು, ಅಷ್ಟೇ ಮಾತು.

ಪಿಗ್ಮಿ ಕಟ್ಟುವ ಅಂಗಡಿಕಾರ ಬಂಧುಗಳಿಗೂ ಒಂದು ಮಾತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಆರಂಭಿಸಿದ ಈ ಪದ್ಧತಿ ಬಡವರಿಗೆ ಉಳಿತಾಯ ಕಲಿಸಿತು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಿಜ. ಆದರೆ ಮನೆಬಾಗಿಲಿಗೆ ಬಂದು ವಸೂಲಿ ಮಾಡುವವರಿಗೆ ಕಮಿಷನ್ ಕೊಡಬೇಕಾಗುವುದರಿಂದ ಪಿಗ್ಮಿಗೆ ಬಡ್ಡಿ ಕಡಿಮೆ ಇರುತ್ತದೆ. ಆದ್ದರಿಂದ ಕೂಡಿದ ಹಳ್ಳವನ್ನು ಅಲ್ಲಿಯೇ ನಿಲ್ಲಿಸಬೇಡಿ. ಮುದ್ದತು ಮುಗಿದ ಕೂಡಲೇ ಮುದ್ದತಿನ ಠೇವಿಗೆ ಹೊರಳಿಸಿರಿ.

ಮೂರನೆಯದು, ಮುದ್ದತಿನ ಠೇವು. ಇದನ್ನು ನಮ್ಮ ಹಗೇವಿಗೆ ಹೋಲಿಸಬಹುದು. ಹಿರಿಯರು ದಿನದ ಅಡಿಗೆಯ ಜೋಳವನ್ನು ಮನೆಯೊಳಗೆ ಚೀಲದಲ್ಲಿ ಇಡುತ್ತಿದ್ದರು, ವರ್ಷದ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರುವಿ ಬಾಯಿ ಮುಚ್ಚುತ್ತಿದ್ದರು, ಬೀಜದ ಜೋಳವನ್ನು ಬೇರೆಯೇ ಕಟ್ಟಿಡುತ್ತಿದ್ದರು. ಹಗೇವಿನ ಬಾಯಿ ಒಮ್ಮೆ ತೆರೆದರೆ ಗಾಳಿ ಹೋಗುತ್ತದೆ, ಕಾಳು ಬಹಳ ದಿನ ಬಾಳುವುದಿಲ್ಲ. ಠೇವೂ ಹಾಗೆಯೇ. ನಡುವೆ ಮುರಿದರೆ ಬರೆದ ಬಡ್ಡಿ ಸಿಗುವುದಿಲ್ಲ. ಹಣ ಎಷ್ಟು ದಿನ ಇತ್ತೋ ಆ ಅವಧಿಯ ದರ ಹಿಡಿದು, ಬಹಳ ಕಡೆ ಅದರಲ್ಲೂ ಅರ್ಧ ಇಲ್ಲವೆ ಒಂದು ಶೇಕಡಾ ಮುರಿದುಕೊಳ್ಳುತ್ತಾರೆ.

ಆದ್ದರಿಂದ ಹಣವನ್ನು ಮೂರು ಪಾಲು ಮಾಡಿರಿ. ಮೂರು ತಿಂಗಳ ಮನೆಖರ್ಚು ಮತ್ತು ದವಾಖಾನೆಯ ಖರ್ಚಿನಷ್ಟು ಉಳಿತಾಯ ಖಾತೆಯಲ್ಲಿರಲಿ. ಮುಂಗಾರಿನ ಬೀಜ ಗೊಬ್ಬರಕ್ಕೆ ಬೇಕಾದದ್ದು, ಮೃಗಶಿರಾ ಮಳೆಗೆ ಮುಂಚೆ ಕೈಗೆ ಬರುವಂತೆ ನಾಲ್ಕೈದು ತಿಂಗಳ ಠೇವಿನಲ್ಲಿರಲಿ. ಮಗಳ ಮದುವೆ, ಮಗನ ಓದು, ಮನೆ ಕಟ್ಟುವ ಹಣ ಮಾತ್ರ ಮೂರು, ಐದು ವರ್ಷಕ್ಕೆ ಹೋಗಲಿ. ಒಂದು ಲಕ್ಷ ಇದ್ದರೆ ಒಂದೇ ಪಾವತಿ ಮಾಡಿಸಬೇಡಿ. 25 ಸಾವಿರದ ನಾಲ್ಕು ಪಾವತಿ ಮಾಡಿಸಿರಿ. ಅಡಚಣಿ ಬಂದಾಗ ಒಂದನ್ನು ಮುರಿದರೆ ಉಳಿದ ಮೂರು ಭದ್ರ. ಅಡಚಣಿ ಹದಿನೈದು ದಿನದ್ದಾದರೆ ಮುರಿಯುವುದೂ ಬೇಡ, ಠೇವಿನ ಮೇಲೆ ಸಾಲ ಸಿಗುತ್ತದೆ. ಅದರ ಬಡ್ಡಿ ಠೇವಿನ ದರಕ್ಕಿಂತ ಒಂದೆರಡು ಶೇಕಡಾ ಮಾತ್ರ ಹೆಚ್ಚು.

ಇಲ್ಲೊಂದು ಲೆಕ್ಕ ಕೇಳಿರಿ. ಒಬ್ಬರು ಶೇ. 8 ಸರಳ ಬಡ್ಡಿ ಅನ್ನುತ್ತಾರೆ. ಇನ್ನೊಬ್ಬರು ಶೇ. 7.5, ಆದರೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಅನ್ನುತ್ತಾರೆ. ಒಂದು ಲಕ್ಷ ರೂಪಾಯಿಗೆ ಐದು ವರ್ಷದ ಕೊನೆಗೆ ಮೊದಲನೆಯವರು 1,40,000 ಕೊಡುತ್ತಾರೆ, ಎರಡನೆಯವರು ಸುಮಾರು 1,45,000. ದರ ಕಡಿಮೆ ಹೇಳಿದವರೇ ಹೆಚ್ಚು ಕೊಟ್ಟಂತಾಯಿತು. ಆದ್ದರಿಂದ "ಶೇಕಡಾ ಎಷ್ಟು" ಎಂದು ಕೇಳಿ ಸುಮ್ಮನಾಗದೆ, "ಮುದ್ದತು ಮುಗಿದ ದಿನ ಕೈಗೆ ಎಷ್ಟು ರೂಪಾಯಿ ಬರತದ, ಪಾವತಿ ಮ್ಯಾಲ ಬರದು ಕೊಡ್ರಿ" ಎಂದು ಕೇಳಿರಿ.

"ಹಿಂದಿನ ಬಡ್ಡಿ ಈಗಿಲ್ರೀ" ಎಂದು ಹಿರಿಯರು ಅನ್ನುವುದುಂಟು. ಖರೆ ಐತಿ. 1988ರಲ್ಲಿ ಕಿಸಾನ್ ವಿಕಾಸ ಪತ್ರ ಆರಂಭವಾದಾಗ ಹಣ ಐದೂವರೆ ವರ್ಷಕ್ಕೆ ದುಪ್ಪಟ್ಟು ಆಗುತ್ತಿತ್ತು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಂತೆ ದುಪ್ಪಟ್ಟಾಗಲು 115 ತಿಂಗಳು, ಅಂದರೆ ಒಂಬತ್ತೂವರೆ ವರ್ಷಕ್ಕೂ ಮೇಲೆ. ಇಂಥ ಕಾಲದಲ್ಲಿಯೇ "ಮೂರು ವರ್ಷಕ್ಕ ಡಬಲ್" ಎನ್ನುವವರು ಊರಿಗೆ ಬರುತ್ತಾರೆ. ಮೂರು ವರ್ಷಕ್ಕೆ ದುಪ್ಪಟ್ಟು ಅಂದರೆ ವರ್ಷಕ್ಕೆ ಶೇ. 26ರಷ್ಟು ಚಕ್ರಬಡ್ಡಿ. ಅಷ್ಟು ಬಡ್ಡಿ ಕೊಡಬೇಕಾದವರು ಅದಕ್ಕಿಂತ ಹೆಚ್ಚಿಗೆ ದುಡಿಯಬೇಕಲ್ಲವೇ? ಯಾವ ದಂಧೆಯಲ್ಲಿ ದುಡಿಯುತ್ತಾರೆ ಎಂದು ಕೇಳಿ ನೋಡಿರಿ, ಉತ್ತರ ಬರುವುದಿಲ್ಲ. ಹಿಂದೆ ಬಂದವರ ಬಡ್ಡಿಯನ್ನು ಮುಂದೆ ಬಂದವರ ಅಸಲಿನಿಂದ ಕೊಡುತ್ತಿರುತ್ತಾರೆ. ಅನುಮತಿ ಇಲ್ಲದೆ ಹೀಗೆ ಠೇವು ಎತ್ತುವುದನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಆದರೆ ಕಾಯಿದೆ ಬರುವ ಹೊತ್ತಿಗೆ ಹಣ ಹೋಗಿರುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಭದ್ರತೆ. ಬ್ಯಾಂಕಿನ ಠೇವಿಗೆ ವಿಮೆ ಇದೆ. 1993ರಿಂದ ಒಂದು ಲಕ್ಷವಿದ್ದ ಈ ವಿಮೆ 2020ರ ಫೆಬ್ರವರಿ 4ರಿಂದ 5 ಲಕ್ಷ ರೂಪಾಯಿ ಆಗಿದೆ. ಅಸಲು, ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷ. ಒಂದೇ ಬ್ಯಾಂಕಿನ ಸಿಂದಗಿ ಶಾಖೆಯಲ್ಲಿ ಅಷ್ಟು, ಇಂಡಿ ಶಾಖೆಯಲ್ಲಿ ಇಷ್ಟು ಇಟ್ಟರೆ ಎರಡೂ ಕೂಡಿಸಿಯೇ ಲೆಕ್ಕ. 2022ರ ಆಗಸ್ಟ್‌ನಲ್ಲಿ ನಮ್ಮ ವಿಜಯಪುರದ ಡೆಕ್ಕನ್ ಅರ್ಬನ್ ಸಹಕಾರಿ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕ್ ರದ್ದು ಮಾಡಿದ್ದು ತಮಗೆಲ್ಲ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಸಣ್ಣ ಠೇವುದಾರರ ಕೈ ಹಿಡಿಯುವುದು ಈ ವಿಮೆಯೇ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಈ ವಿಮೆಯೊಳಗೆ ಬರುತ್ತವೆ. ಅಂಚೆ ಕಚೇರಿಯ ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆ.

ಈಗ ನಮ್ಮ ಮಾತು. ನಮ್ಮಂಥ ಊರಿನ ಸಂಘಗಳ ಠೇವಿಗೆ ಈ ವಿಮೆ ಇಲ್ಲ. 1959ರ ಸಹಕಾರ ಸಂಘಗಳ ಕಾಯಿದೆಯಲ್ಲಿ ನೋಂದಣಿಯಾದ ಪತ್ತಿನ ಸಂಘಕ್ಕೂ ಇಲ್ಲ, 1997ರ ಕಾಯಿದೆಯ ಸೌಹಾರ್ದ ಸಹಕಾರಿಗೂ ಇಲ್ಲ. "ರಜತ ಮಹೋತ್ಸವದ ದಿನ ಈ ಮಾತು ಯಾಕ್ರೀ?" ಎಂದು ಕೆಲವರು ಅನ್ನಬಹುದು. ಈ ದಿನವೇ ಹೇಳಬೇಕು. ಸಂಘವು ಬ್ಯಾಂಕಿಗಿಂತ ಒಂದು ಶೇಕಡಾ ಹೆಚ್ಚು ಬಡ್ಡಿ ಕೊಟ್ಟರೆ, ಆ ಒಂದು ಶೇಕಡಾ ಪುಕ್ಕಟೆ ಬಂದದ್ದಲ್ಲ. ವಿಮೆ ಇಲ್ಲದ ಜಾಗದಲ್ಲಿ ಸದಸ್ಯರು ಇಟ್ಟ ನಂಬಿಕೆಯ ಬೆಲೆ ಅದು.

ಹಾಗಾದರೆ ಸಂಘದಲ್ಲಿ ಇಡಬಾರದೇ? ಇಡಬೇಕು. ಇಲ್ಲಿ ಇಟ್ಟ ಹಣ ಇದೇ ಊರಿನ ಎಮ್ಮೆಯಾಗಿ, ಪೈಪ್‌ಲೈನ್ ಆಗಿ, ಕಿರಾಣಿ ಅಂಗಡಿಯಾಗಿ ದುಡಿಯುತ್ತದೆ. ಆದರೆ ಮನೆತನದ ಗಂಟೆಲ್ಲ ಇಲ್ಲಿಯೇ ಇಡಬೇಡಿ. ವಿಧವೆಯರು, ಒಂಟಿ ಹಿರಿಯರು, ಭೂಮಿ ಹೋಗಿ ಪರಿಹಾರ ಬಂದವರು ಅದನ್ನು ಮೊದಲು ವಿಮೆ ಇರುವ ಬ್ಯಾಂಕಿನಲ್ಲಿ, ಅಂಚೆಯಲ್ಲಿ ಹಂಚಿಡಲಿ. ಅರವತ್ತು ದಾಟಿದವರಿಗೆ ಬಹಳಷ್ಟು ಬ್ಯಾಂಕುಗಳು ಮುದ್ದತಿನ ಠೇವಿಗೆ ಸಾಮಾನ್ಯವಾಗಿ ಅರ್ಧ ಶೇಕಡಾ ಹೆಚ್ಚು ಕೊಡುತ್ತವೆ, ಕೇಳಿ ಪಡೆಯಿರಿ. ಒಂದು ಪಾಲು ಸಂಘಕ್ಕೆ ತನ್ನಿರಿ. ಆ ಪಾಲನ್ನು ಕಾಯುವ ಕೆಲಸ ನಮ್ಮದಷ್ಟೇ ಅಲ್ಲ, ತಮ್ಮದೂ ಹೌದು.

ಹೇಗೆ ಕಾಯುವುದು? ವಾರ್ಷಿಕ ಮಹಾಸಭೆಗೆ ಬರ್ರಿ. ಊಟ ಮಾಡಿ ಸಹಿ ಹಾಕಿ ಹೋಗಬೇಡಿ. ಅಢಾವೆ ಪತ್ರಿಕೆ ಕೈಯಲ್ಲಿ ಹಿಡಿದು ನಾಲ್ಕು ಪ್ರಶ್ನೆ ಕೇಳಿರಿ. ಕೊಟ್ಟ ಸಾಲದಲ್ಲಿ ಗಡುವು ಮೀರಿದ್ದು ನೂರಕ್ಕೆ ಎಷ್ಟು? ಲೆಕ್ಕಪರಿಶೋಧನೆಯಲ್ಲಿ ಯಾವ ವರ್ಗ ಬಂದಿದೆ? ನಿರ್ದೇಶಕರಿಗೂ ಅವರ ಬೀಗರು ನೆಂಟರಿಗೂ ಕೊಟ್ಟ ಸಾಲ ಎಷ್ಟು? ಒಮ್ಮೆಲೇ ಠೇವುದಾರರು ಬಂದರೆ ಕೊಡಲು ಬ್ಯಾಂಕಿನಲ್ಲಿ ಇಟ್ಟ ಹಣ ಎಷ್ಟು? ಈ ಪ್ರಶ್ನೆ ಕೇಳಿದರೆ ನಮಗೆ ಸಿಟ್ಟು ಬರಬಾರದು. ಸಿಟ್ಟು ಬಂದರೆ ಅದೇ ಉತ್ತರ ಎಂದು ತಿಳಿದು ತಮ್ಮ ಠೇವನ್ನು ಮರಳಿ ಪಡೆಯಿರಿ. ಇದೇ ಪ್ರಶ್ನೆಗಳನ್ನು ನೆರೆಯೂರಿನ ಸಂಘದಲ್ಲೂ, ಪೇಟೆಯ ಸಹಕಾರಿಯಲ್ಲೂ ಕೇಳಿರಿ.

ಕೊನೆಯದಾಗಿ, ಯಾವ ಖಾತೆಗೇ ಆಗಲಿ ನಾಮಿನಿ ಹೆಸರು ಹಾಕಿಸಿರಿ. ಪಾವತಿ ಎಲ್ಲಿದೆ ಎಂದು ಮನೆಯ ಹೆಣ್ಣುಮಕ್ಕಳಿಗೆ ತಿಳಿಸಿರಿ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಕೇಳಿದರೆ ಮರಳಿ ಸಿಗುತ್ತದೆ ನಿಜ, ಆದರೆ ಇದೆ ಎಂಬುದೇ ಗೊತ್ತಿಲ್ಲದವರು ಕೇಳುವುದಾದರೂ ಹೇಗೆ?

ಎಷ್ಟು ಬಡ್ಡಿ, ಯಾವ ಲೆಕ್ಕ, ಎಷ್ಟು ದಿನಕ್ಕೆ, ಮುರಿದರೆ ಏನು, ಮುಳುಗಿದರೆ ಯಾರು ಹೊಣೆ: ಈ ಐದು ಪ್ರಶ್ನೆ ಕೇಳುವ ಸದಸ್ಯರು ಊರ ತುಂಬ ಇದ್ದರೆ ಮುಂದಿನ ಇಪ್ಪತ್ತೈದು ವರ್ಷಕ್ಕೆ ಸಂಘಕ್ಕೆ ಅದೇ ವಿಮೆ.

ಜೈ ಸಹಕಾರ.