ಗುಡ್ಡದ ಬುಡದ ಪಂಪು

ಮೈಕಿಗೆ ವೈರ್ ಎಳೆಯೋದು ನನಗೆ ಅಭ್ಯಾಸ, ಮೈಕ್ ಮುಂದೆ ನಿಲ್ಲೋದು ಹೊಸದು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಈ ವರ್ಷ ನಮ್ಮ ಪಿಕ್ನಿಕ್ ಸಿಡ್ನಿ ಒಲಿಂಪಿಕ್ ಪಾರ್ಕ್‌ನಲ್ಲಿ ಆಯ್ತು. ಮಕ್ಕಳು ಹುಲ್ಲಿನ ಗುಡ್ಡ ಹತ್ತಿ ಉರುಳಾಡಿದ್ರು. ಆ ಗುಡ್ಡ ದೇವರು ಮಾಡಿದ್ದಲ್ಲ, ಒಳಗಿರೋದು ಕಸ.

ಹೋಮ್‌ಬುಷ್‌ನ ಆ ಜಾಗದಲ್ಲಿ ಹಿಂದೆ ಕಸಾಯಿಖಾನೆ, ಇಟ್ಟಿಗೆ ಮಣ್ಣಿನ ಗಣಿ, ನೌಕಾಪಡೆಯ ಮದ್ದುಗುಂಡಿನ ಡಿಪೋ ಇದ್ದವು. ಕೊಲ್ಲಿಯ ಅಂಚಿಗೆ ದಶಕಗಟ್ಟಲೆ ಕಸ ಸುರಿದಿದ್ರು. 2000ದ ಒಲಿಂಪಿಕ್ಸ್‌ಗೆ ಮುಂಚೆ, 1990ರ ದಶಕದಲ್ಲಿ, ಸುಮಾರು 90 ಲಕ್ಷ ಘನ ಮೀಟರ್ ಕಸ, ಕೆಟ್ಟ ಮಣ್ಣು ಅಗೆದರು. ಅದನ್ನ ಬೇರೆಯವರ ಊರಿಗೆ ಸಾಗಹಾಕದೆ, ಬಹುಪಾಲನ್ನ ಅಲ್ಲೇ ದಿಬ್ಬ ಮಾಡಿ, ಜೇಡಿಮಣ್ಣು ಹೊದಿಸಿ, ಗಿಡ ಬೆಳೆಸಿದರು. ಇಟ್ಟಿಗೆ ಗಣಿಯಲ್ಲಿ ಅಪರೂಪದ ಕಪ್ಪೆ ಸಿಕ್ಕಿದ್ದಕ್ಕೆ ಟೆನಿಸ್ ಕ್ರೀಡಾಂಗಣವನ್ನೇ ಬೇರೆ ಕಡೆ ಕಟ್ಟಿದರು. ಈಗ ಅಲ್ಲಿ ಆಫೀಸು, ಹೋಟೆಲು, ಮನೆ, ಮೈದಾನ ಎಲ್ಲ ಇವೆ.

ಆದ್ರೆ ಕೆಲಸ ಮುಗಿದಿಲ್ಲ. ಕಸದೊಳಗೆ ಇಳಿದ ನೀರು ವಿಷ ಹೊತ್ತು ಕೆಳಗೆ ಬರುತ್ತೆ. ಅದನ್ನ ದಿಬ್ಬದ ಬುಡದಲ್ಲೇ ಹಿಡಿದು, ಪಂಪ್ ಮಾಡಿ, ಶುದ್ಧ ಮಾಡೋಕೆ ಕಳಿಸಬೇಕು. ಇವತ್ತೂ, ನಾಳೆಯೂ.

ಬೇರೊಂದು ಹಳೇ ಕಸದ ಜಾಗದಿಂದ ಒಂದು ಮಳೆ ರಾತ್ರಿ ನನಗೆ ಕರೆ ಬಂತು. ಗುಂಡಿ ತುಂಬ್ತಾ ಇದೆ, ಪಂಪ್ ಓಡ್ತಿಲ್ಲ. ಮೋಟಾರು ಚೆನ್ನಾಗಿತ್ತು, ಪ್ಯಾನೆಲ್ಲೂ ಚೆನ್ನಾಗಿತ್ತು. ಕೆಸರು ಮೆತ್ತಿ ಫ್ಲೋಟ್ ಸ್ವಿಚ್ ಸಿಕ್ಕಿಹಾಕ್ಕೊಂಡಿತ್ತು. ತೊಳೆಯೋರು ತಿಂಗಳುಗಟ್ಟಲೆ ಬಂದಿರಲಿಲ್ಲ. ಪಕ್ಕದಲ್ಲೇ ಹಳ್ಳ. ಇನ್ನೊಂದು ಗಂಟೆ ತಡವಾಗಿದ್ರೆ ಅಷ್ಟೂ ವಿಷ ಹಳ್ಳಕ್ಕೆ. ಕೋಟಿಗಟ್ಟಲೆ ಖರ್ಚಿನ ಕೆಲಸ ಒಂದು ಸಣ್ಣ ಸ್ವಿಚ್ ಮೇಲೆ ನಿಂತಿತ್ತು.

ಅವತ್ತು ಮನೆಗೆ ಬಂದ್ರೂ ನಿದ್ದೆ ಬರಲಿಲ್ಲ. ನಮ್ಮೂರು ನೆನಪಾಯ್ತು. ನಾನು ಕೆಜಿಎಫ್‌ನವನು. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಗಣಿಗೆ ಕರೆಂಟ್ ತಂದಿದ್ರು ಅಂತ ಐಟಿಐನಲ್ಲಿ ಎದೆಯುಬ್ಬಿಸಿ ಹೇಳ್ತಿದ್ದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯ್ತು, ಸೈನೈಡ್ ಗುಡ್ಡ ಉಳೀತು. ಆಷಾಢದ ಗಾಳಿಗೆ ಆ ಧೂಳು ಊರೊಳಗೆ ಬರುತ್ತೆ. ನಮ್ಮಮ್ಮ ಈಗಲೂ ಒದ್ದೆ ಬಟ್ಟೆ ಮುಚ್ಚಿ ಹಿಟ್ಟಿನ ಡಬ್ಬ ಇಡ್ತಾಳೆ. ಸಿನಿಮಾದೋರಿಗೆ ಅದು ಲೊಕೇಶನ್, ಅಮ್ಮನಿಗೆ ಕೆಮ್ಮು.

2024ರಲ್ಲಿ ರಾಜ್ಯ ಸಚಿವ ಸಂಪುಟ ಅಂಥ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯೋಕೆ ಒಪ್ಪಿಗೆ ಕೊಟ್ಟಿತು. ಒಳ್ಳೇದೇ, ನಮ್ಮೂರ ಹುಡುಗರಿಗೆ ಕೆಲಸ ಬರಲಿ. ಆದ್ರೆ ಚಿನ್ನ ತೆಗೆದ ಮೇಲೆ ಉಳಿಯೋ ಮರಳಿಗೆ ಹೊದಿಕೆ ಯಾರು ಹಾಕ್ತಾರೆ? ನೀರನ್ನ ಯಾರು ಪರೀಕ್ಷೆ ಮಾಡ್ತಾರೆ? 30 ವರ್ಷ ಆದಮೇಲೆ ಪಂಪ್ ರಿಪೇರಿಗೆ ದುಡ್ಡು ಎಲ್ಲಿಂದ? ಇದೆಲ್ಲ ಮೊದಲ ದಿನದ ಕಾಗದದಲ್ಲೇ ಬರೀಬೇಕು. ಆ ದುಡ್ಡನ್ನ ಬೇರೆಯಾಗೇ ತೆಗೆದಿಡಬೇಕು.

ಊರಿಗೆ ಹೋದಾಗ ನಾವು ಮೊಬೈಲಲ್ಲಿ ಇಲ್ಲಿನ ಹಸಿರು ಗುಡ್ಡ ತೋರಿಸಿ ಮೆರೀತೀವಿ. ಇನ್ಮೇಲೆ ಗುಡ್ಡದ ಬುಡದ ಪಂಪಿನ ಕಥೆಯನ್ನೂ ಹೇಳೋಣ. ನಾನಂತೂ ಈ ಸಲ ರಜೆಗೆ ಹೋದಾಗ ನಗರಸಭೆಗೆ ಅರ್ಜಿ ಕೊಟ್ಟೇ ಬರ್ತೀನಿ.