ಸೂರ್ಯ ಹೊರಳುವ ಹೊತ್ತಿನ ಹಬ್ಬಗಳು

ಆದಿಚುಂಚನಗಿರಿಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಸಂಕ್ರಾಂತಿಯೆಂದರೆ ದನಗಳ ಹಬ್ಬ. ಅವುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಮುಸ್ಸಂಜೆಯಲ್ಲಿ ಹುಲ್ಲಿಗೆ ಬೆಂಕಿಯಿಕ್ಕಿ ಕಿಚ್ಚು ಹಾಯಿಸುತ್ತಾರೆ. ಇದಕ್ಕೆ ಮೂರು ವಾರ ಮೊದಲು, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, 1799ರ ತರುವಾಯ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಹೆಸರು ಹೊತ್ತ ಇಗರ್ಜಿಯಲ್ಲಿ ಕ್ರಿಸ್ತಜಯಂತಿ ನಡೆಯುತ್ತದೆ. ಒಂದೇ ಜಿಲ್ಲೆಯ ಈ ಎರಡು ಹಬ್ಬಗಳಿಗೆ ನಂಟೇನು?

ಬೈಬಲಿನಲ್ಲಿ ಯೇಸುವಿನ ಜನ್ಮದಿನದ ಉಲ್ಲೇಖವಿಲ್ಲ. ಸೀಸರನ ಪಂಚಾಂಗದಲ್ಲಿ ಡಿಸೆಂಬರ್ 25 ಸೂರ್ಯ ಉತ್ತರಕ್ಕೆ ಹೊರಳುವ ದಿನವೆಂದು ರೂಢಿಯಾಗಿತ್ತು. ರೋಮಿನ ಜನ ಡಿಸೆಂಬರ್ 17ರಿಂದ ಶನಿದೇವತೆಯ ಹಬ್ಬವನ್ನು ಆಚರಿಸುತ್ತಿದ್ದರು. ಆಗ ಆಳುಗಳಿಗೂ ಒಡೆಯರೊಡನೆ ಊಟದ ಸಲಿಗೆ. 274ರಲ್ಲಿ ಚಕ್ರವರ್ತಿ ಆರೇಲಿಯನ್ ಅಜೇಯ ಸೂರ್ಯನಿಗೆ ದೇಗುಲ ಕಟ್ಟಿಸಿದ. 354ರ ರೋಮನ್ ದಾಖಲೆಯೊಂದರಲ್ಲಿ ಡಿಸೆಂಬರ್ 25ರಂದೇ ಅಜೇಯನ ಜನ್ಮದಿನವೂ ಕ್ರಿಸ್ತನ ಜನ್ಮದಿನವೂ ಕಾಣಿಸುತ್ತವೆ.

ಇಷ್ಟರಿಂದ ಕ್ರೈಸ್ತರು ಹಬ್ಬವನ್ನು ಕದ್ದರೆಂದು ಹೇಳುವವರುಂಟು. ನಾನು ಒಪ್ಪಲಾರೆ. ಗರ್ಭಧಾರಣೆಯನ್ನು ಮಾರ್ಚ್ 25ಕ್ಕೆ ಇಟ್ಟು, ಒಂಬತ್ತು ತಿಂಗಳು ಎಣಿಸಿ ಈ ದಿನವನ್ನು ಕಂಡುಕೊಂಡರೆಂಬ ವಾದವೂ ವಿದ್ವಾಂಸರಲ್ಲಿದೆ. ಯಾರು ಯಾರಿಂದ ಪಡೆದರೆಂಬುದಕ್ಕೆ ಆ ಒಂದು ದಾಖಲೆ ಸಾಲದು.

ಅದೇ ಅಳತೆಗೋಲನ್ನು ನಮಗೂ ಹಿಡಿಯೋಣ. ಉತ್ತರಾಯಣದ ಆರಂಭವೆಂದು ನಾವು ಆಚರಿಸುವ ಮಕರ ಸಂಕ್ರಾಂತಿ ಈಗ ಜನವರಿ 14 ಅಥವಾ 15ಕ್ಕೆ ಬೀಳುತ್ತದೆ. ಸೂರ್ಯ ನಿಜವಾಗಿ ಹೊರಳುವುದು ಡಿಸೆಂಬರ್ 21 ಇಲ್ಲವೆ 22ಕ್ಕೆ. ಅಯನಚಲನೆಯಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಈ ಅಂತರ ಬೆಳೆದಿದೆ. ಸುಮಾರು 1700 ವರ್ಷಗಳ ಹಿಂದೆ, ಎಂದರೆ ಆರೇಲಿಯನ್ನನ ಕಾಲದ ಆಸುಪಾಸಿನಲ್ಲಿ, ಎರಡೂ ಒಂದೇ ದಿನಕ್ಕೆ ಕೂಡುತ್ತಿದ್ದವು. ದಿನ ಸರಿಯಿತು, ಹಬ್ಬ ಅಳಿಯಲಿಲ್ಲ. ದೇಗುಲದಲ್ಲಿ ಪಂಚಾಂಗದ ಪುಣ್ಯಕಾಲಕ್ಕೆ ಪೂಜೆ; ಊರ ಬಯಲಿನ ಕಿಚ್ಚಿಗೆ ಮಂತ್ರವೂ ಬೇಡ, ಪುರೋಹಿತರೂ ಬೇಡ. ಎರಡರಲ್ಲಿ ಯಾವುದು ಮೊದಲೆಂದು ರೈತ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಹಾಗೆಂದು ಎಲ್ಲ ಹಬ್ಬಗಳೂ ಒಂದೇ ಎಂದು ಬಿಡುವುದೂ ಸೋಮಾರಿತನ. ಸಂಕ್ರಾಂತಿ ವರ್ಷವರ್ಷವೂ ಮರಳುವ ಋತುವಿನ ಹಬ್ಬ. ಕ್ರಿಸ್ತಜಯಂತಿ ಚರಿತ್ರೆಯಲ್ಲಿ ಒಮ್ಮೆ ಮಾತ್ರ ಆದ ಜನನವೊಂದರ ನೆನಪು. ಭಕ್ತನಿಗೆ ಈ ವ್ಯತ್ಯಾಸವೇ ಜೀವಾಳ. ಅದನ್ನು ಅಳಿಸಿ ತೋರುವ ಸ್ನೇಹ ಸ್ನೇಹವಲ್ಲ.

ಆದರೂ ಒಂದು ಸಂಗತಿ ಗಮನಾರ್ಹ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಗೋದಲಿಯನ್ನು ಏರ್ಪಡಿಸಿ, ಅದರ ಬಳಿ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿದ. ಯೇಸುವಿನ ಜನನವನ್ನು ಹೇಳುವ ಸುವಾರ್ತೆಗಳಲ್ಲಿ ಗೋದಲಿಯಿದೆ, ಎತ್ತಿನ ಮಾತಿಲ್ಲ. ಚಳಿಯ ಇರುಳಿನಲ್ಲಿ ದುಡಿಯುವ ಪ್ರಾಣಿಯನ್ನು ಹೊರಗೆ ಬಿಟ್ಟು ಹಬ್ಬ ಮಾಡಲು ಆ ಸಂತನಿಗೂ ಮನಸ್ಸಾಗಲಿಲ್ಲ, ನಾಗಮಂಗಲದ ರೈತನಿಗೂ ಆಗುವುದಿಲ್ಲ. ಪ್ಯಾಗನ್ ಎಂಬ ಮಾತಿನ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಹಳ್ಳಿಗನೆಂದೇ ಅರ್ಥವಿತ್ತು. ಆ ಅರ್ಥದಲ್ಲಿ ಅದು ಹೀಗಳಿಕೆಯಲ್ಲ. ನಾವೆಲ್ಲ ಆ ಬಳಗದವರೇ.